ಅಗ್ಲೋನಿಮಾ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು, ಗುಲಾಬಿ, ಬೆಳ್ಳಿ ಬಣ್ಣದ ಎಲೆಗಳ ಅಗ್ಲೋನಿಮಾ ಈಗ ಯಾವ ನರ್ಸರಿಗೆ ಹೋದರೂ ಸಿಗುತ್ತದೆ. ಕೊಂಡವರು ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕೈ ಪಳಗಿದವರದ್ದು ಆಮೇಲೆ.

## ಗಿಡ ತರುವ ಮುಂಚೆ

ಅಗ್ಲೋನಿಮಾ ಅಂದ್ರೆ ಕೆಲಾಡಿಯಂ ಅಂತಾರಲ್ಲ, ಅದೇನಾ?

ಅಲ್ಲ. ಎರಡೂ ಕೆಸುವಿನ ಕುಟುಂಬಕ್ಕೆ ಸೇರಿದವು, ಅಷ್ಟೇ. ಕೆಲಾಡಿಯಂ ಗೆಡ್ಡೆಯಿಂದ ಬರುತ್ತದೆ. ಎಲೆ ತೆಳ್ಳಗೆ, ಹೃದಯದ ಆಕಾರ. ಚಳಿ ಶುರುವಾದರೆ ಎಲೆಯೆಲ್ಲ ಒಣಗಿ ಗೆಡ್ಡೆ ಮಲಗಿಬಿಡುತ್ತದೆ. ಅಗ್ಲೋನಿಮಾಗೆ ಗೆಡ್ಡೆ ಇಲ್ಲ. ಗಟ್ಟಿ ಕಾಂಡ, ದಪ್ಪ ಎಲೆ, ವರ್ಷವಿಡೀ ಎಲೆ ಇರುತ್ತದೆ. ಈಶಾನ್ಯ ಭಾರತದಿಂದ ಹಿಡಿದು ಥಾಯ್ಲೆಂಡ್, ಇಂಡೋನೇಷ್ಯಾ, ನ್ಯೂಗಿನಿವರೆಗಿನ ಮಳೆಕಾಡು ಇದರ ತವರು. ದೊಡ್ಡ ಮರಗಳ ಕೆಳಗೆ, ನೆರಳಿನಲ್ಲಿ, ಉದುರಿದ ಎಲೆಗಳ ಸಡಿಲ ಹಾಸಿನಲ್ಲಿ ಬೇರು ಬಿಟ್ಟು ಬೆಳೆಯುವ ಗಿಡ ಇದು. ಇದೊಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಇಷ್ಟು ಕೆಂಪು ನಿಜವಾದ ಬಣ್ಣನಾ, ಅಥವಾ ಡೈ ಹಾಕಿರ್ತಾರಾ?

ನಿಜವಾದ ಬಣ್ಣವೇ. ಕಾಡಿನ ಅಗ್ಲೋನಿಮಾಗಳಲ್ಲಿ ಹೆಚ್ಚಿನವು ಹಸಿರು, ಇಲ್ಲವೇ ಹಸಿರಿನ ಮೇಲೆ ಬೆಳ್ಳಿ ಪಟ್ಟೆ. ಆದರೆ ಸುಮಾತ್ರಾದ ಕಾಡಿನಲ್ಲಿ ಅಗ್ಲೋನಿಮಾ ರೋಟಂಡಂ ಎಂಬ ಪುಟ್ಟ ಜಾತಿ ಇದೆ. ಅದರ ಎಲೆಯಲ್ಲಿ ಕೆಂಪು ಛಾಯೆ ಇರುತ್ತದೆ. 1980ರ ದಶಕದಲ್ಲಿ ಇಂಡೋನೇಷ್ಯಾದ ಗ್ರೆಗೋರಿ ಹಂಬಾಲಿ ಅದನ್ನು ಅಗ್ಲೋನಿಮಾ ಕಮ್ಯುಟೇಟಂ ಜೊತೆ ಅಡ್ಡತಳಿ ಮಾಡಿ 'ಪ್ರೈಡ್ ಆಫ್ ಸುಮಾತ್ರಾ' ತಳಿಯನ್ನು ತಂದರು. ಅಲ್ಲಿಂದ ಈ ಕೆಂಪಿನ ಸಂತೆ ಶುರು. ಆಮೇಲೆ ಥಾಯ್ಲೆಂಡಿನ ಬೆಳೆಗಾರರು ಕೆಂಪು, ಗುಲಾಬಿ, ಕಿತ್ತಳೆ ಛಾಯೆಯ ತಳಿಗಳನ್ನು ಒಂದರ ಹಿಂದೆ ಒಂದು ತಂದರು. ನಮ್ಮ ನರ್ಸರಿಗಳಲ್ಲಿ ಕಾಣುವ ಬಹುಪಾಲು ಬಣ್ಣದ ಗಿಡಗಳ ಬೇರು ಅಲ್ಲಿದೆ.

ಆನ್‌ಲೈನ್‌ನಲ್ಲಿ ನೀಲಿ ಅಗ್ಲೋನಿಮಾ ಬೀಜ ನೂರು ರೂಪಾಯಿಗೆ ಬರ್ತಿದೆ. ತಗೊಳ್ಳಲಾ?

ಬೇಡ. ನೀಲಿ ಅಗ್ಲೋನಿಮಾ ಅಂತ ಒಂದಿಲ್ಲ. ಆ ಫೋಟೋದ ಬಣ್ಣ ಕಂಪ್ಯೂಟರಿನಲ್ಲಿ ತುಂಬಿದ್ದು. ಇನ್ನು ಕೆಂಪು ಗಿಡದ ಬೀಜವೇ ನಿಜವಾಗಿ ಸಿಕ್ಕರೂ, ಅದರಿಂದ ಬರುವ ಸಸಿ ತಾಯಿಯ ಹಾಗೆ ಇರುವುದಿಲ್ಲ. ಗಿಡವನ್ನೇ ಕೊಳ್ಳಿ.

ನರ್ಸರಿಯಲ್ಲಿ ಒಳ್ಳೆ ಗಿಡ ಅಂತ ಹೇಗೆ ಗುರುತಿಸೋದು?

ಎಲೆ ನೋಡುವ ಮೊದಲು ಬುಡ ನೋಡಿ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಿಡ ಬೊಡ್ಡೆಯಲ್ಲೇ ತೊನೆದಾಡಿದರೆ ಬೇರು ಕೊಳೆತಿರಬಹುದು, ಇಲ್ಲವೇ ನಿನ್ನೆ ಮೊನ್ನೆ ನೆಟ್ಟ ಕಡ್ಡಿ ಇರಬಹುದು. ಎರಡೂ ಬೇಡ. ಎಲೆ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಅದನ್ನೂ ಬಿಡಿ. ನಡುವೆ ಹೊಸ ಸುಳಿ ಬರುತ್ತಿದ್ದರೆ ಗಿಡ ಚೆನ್ನಾಗಿದೆ ಎಂದರ್ಥ. ಎಲೆಗೆ ಮಿಂಚು ಹಚ್ಚಿ ಹೊಳೆಯಿಸಿದ ಗಿಡಕ್ಕೆ ನಾನಂತೂ ಜಾಸ್ತಿ ದುಡ್ಡು ಕೊಡುವುದಿಲ್ಲ. ಮೊದಲ ಸಲ ಸಾಕುವವರು ದುಬಾರಿ ಕೆಂಪು ತಳಿ ಬಿಟ್ಟು, ಹಸಿರು-ಬೆಳ್ಳಿ ಎಲೆಯ 'ಸಿಲ್ವರ್ ಕ್ವೀನ್' ಥರದ್ದು ತನ್ನಿ. ನಿಮ್ಮ ಕೈ ಸುಧಾರಿಸುವ ತನಕ ಅದು ತಾಳಿಕೊಳ್ಳುತ್ತದೆ.

ಬೆಡ್‌ರೂಮಲ್ಲಿಟ್ಟರೆ ಗಾಳಿ ಶುದ್ಧ ಆಗುತ್ತಂತೆ, ಹೌದಾ?

ಈ ಮಾತು ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಬೆಂಜೀನ್‌ನಂಥ ಅನಿಲ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. ಅಗ್ಲೋನಿಮಾ ಕೂಡ ಆ ಪಟ್ಟಿಯಲ್ಲಿತ್ತು. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆ ಅಲ್ವಲ್ಲ. ಅಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2019ರ ಒಂದು ವಿಶ್ಲೇಷಣೆ ಏನು ಹೇಳಿತು ಗೊತ್ತಾ? ಕಿಟಕಿ ಸಂದಿಯಿಂದ ಸುಮ್ನೆ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ಒಂದು ಚದರ ಮೀಟರ್ ಜಾಗದಲ್ಲಿ 10ರಿಂದ 1000 ಗಿಡ ಬೇಕು. ಚಂದಕ್ಕೆ ಇಡಿ. ಗಾಳಿಗೆ ಕಿಟಕಿ ತೆಗೆಯಿರಿ.

ಮನೇಲಿ ಪುಟ್ಟ ಮಗು ಇದೆ, ಬೆಕ್ಕೂ ಇದೆ. ವಿಷದ ಗಿಡ ಅಂತಾರೆ, ಇಡಬಹುದಾ?

ಕೈಗೆ ಸಿಗದ ಕಡೆ ಇಡಬಹುದು. ಇದರ ಎಲೆ, ಕಾಂಡದಲ್ಲೆಲ್ಲ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದಲ್ಲ, ಅದಕ್ಕೂ ಕೆಸುವಿನಲ್ಲಿರುವ ಇದೇ ಹರಳು ಕಾರಣ. ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ. ಮಗು ಬಾಯಿಗೆ ಹಾಕಿಕೊಂಡರೆ ತುಂಡು ತೆಗೆದು, ಬಾಯಿ ತೊಳೆಸಿ, ತಣ್ಣನೆ ನೀರು ಕುಡಿಸಿ. ಊತ ಜಾಸ್ತಿಯಾದರೆ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆಕ್ಕು ನಾಯಿಗಳಿಗೂ ಇದೇ ಉರಿ, ವಾಂತಿ ಕೂಡ ಆಗಬಹುದು. ಕತ್ತರಿಸುವಾಗ ರಸ ತಾಗಿ ಕೆಲವರ ಕೈ ತುರಿಸುತ್ತದೆ. ಗ್ಲೌಸ್ ಹಾಕಿಕೊಳ್ಳಿ.

## ದಿನದ ಆರೈಕೆ

ದಿನಾ ನೀರು ಹಾಕಬೇಕಾ, ವಾರಕ್ಕೊಂದ್ಸಲನಾ?

ಎರಡೂ ಅಲ್ಲ. ಮಣ್ಣು ಹೇಳಿದಾಗ ಹಾಕಬೇಕು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ತೇವ ತಾಗಿದರೆ ಅವತ್ತು ಬೇಡ. ಒಣಗಿದ್ದರೆ ಕೆಳಗಿನ ತೂತಿನಿಂದ ನೀರು ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ದಿನಾ ಒಂದೊಂದು ಲೋಟ ಹಾಕುವುದು ಅತಿ ಕೆಟ್ಟ ಅಭ್ಯಾಸ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಬೇರು ಸದಾ ಕೆಸರಿನಲ್ಲಿ ಕೂತಿರುತ್ತದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ.

ಏಪ್ರಿಲ್‌ನಲ್ಲಿ ರಾಯಚೂರಿನ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ ಬೇಕಾಗಬಹುದು. ಜುಲೈನಲ್ಲಿ ಮಡಿಕೇರಿಯ ಗಿಡಕ್ಕೆ ಹತ್ತು ದಿನವಾದರೂ ಬೇಡದಿರಬಹುದು. ಹಾಗಾಗಿ ದಿನದ ಲೆಕ್ಕ ಯಾರು ಹೇಳಿದರೂ ನಂಬಬೇಡಿ. ಅಗ್ಲೋನಿಮಾ ಬಾಯಾರಿ ಸಾಯುವುದು ಅಪರೂಪ. ಬಹುತೇಕ ಎಲ್ಲವೂ ಸಾಯುವುದು ನಮ್ಮ ಪ್ರೀತಿಯ ನೀರಿನಿಂದಲೇ.

ನೆರಳಿನ ಗಿಡ ಅಂತ ಕೊಟ್ರು. ಟಿವಿ ಪಕ್ಕದ ಮೂಲೇಲಿ ಇಟ್ಟಿದ್ದೀನಿ, ಸಾಕಲ್ವಾ?

ಕಿಟಕಿ ಎಷ್ಟು ದೂರ ಎನ್ನುವುದರ ಮೇಲಿದೆ. ನೆರಳು ಅಂದರೆ ಕತ್ತಲೆ ಅಲ್ಲ. ಆ ಜಾಗದಲ್ಲಿ ಹಗಲು ಹೊತ್ತು ಲೈಟ್ ಹಾಕದೆ ಪೇಪರ್ ಓದಲು ಆಗಬೇಕು. ಅದು ಹಸಿರು ತಳಿಗಳಿಗೆ ಸಾಕು. ಕೆಂಪು, ಗುಲಾಬಿ ತಳಿಗಳಿಗೆ ಇನ್ನೂ ಬೆಳಕು ಬೇಕು. ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗೆ ಇಡಿ. ಪೂರ್ವದ ಕಿಟಕಿಯಾದರೆ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಒಂದು ಗಂಟೆ ಬಿದ್ದರೆ ತೊಂದರೆ ಇಲ್ಲ. ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಎಲೆ ಮೊದಲು ಬಿಳಿಚಿಕೊಂಡು, ಆಮೇಲೆ ಕಂದಾಗಿ ಸುಡುತ್ತದೆ. ಬಾಲ್ಕನಿಯಲ್ಲಿ ಇಡುವವರು ಶೇಡ್ ನೆಟ್ ಕಟ್ಟಿಕೊಳ್ಳಿ.

ಇನ್ನೊಂದು ವಿಷಯ. ಬೆಳಕು ಕಡಿಮೆ ಇದ್ದಷ್ಟೂ ಗಿಡ ನೀರು ಕುಡಿಯುವುದು ಕಡಿಮೆ. ಮೂಲೆಯ ಗಿಡಕ್ಕೂ ಬಾಲ್ಕನಿಯ ಗಿಡಕ್ಕೂ ಒಂದೇ ಥರ ನೀರು ಹಾಕಬಾರದು.

ತೋಟದ ಕೆಂಪು ಮಣ್ಣು ಹಾಕಬಹುದಾ?

ಬರೀ ಕೆಂಪು ಮಣ್ಣು ಬೇಡ. ಪಾಟ್‌ನಲ್ಲಿ ನಾಲ್ಕು ಸಲ ನೀರು ಹಾಕುವುದರೊಳಗೆ ಅದು ಬಿಗಿದುಕೊಂಡು ಕೂರುತ್ತದೆ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರವಾದ ಬಿಳಿ ಹರಳು) ಅಥವಾ ಸುಟ್ಟ ಭತ್ತದ ಹೊಟ್ಟು, ಒಂದು ಪಾಲು ಎರೆಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ತೆಂಗಿನ ಸಿಪ್ಪೆಯನ್ನು ಸಣ್ಣ ತುಂಡು ಮಾಡಿ ಸೇರಿಸಿದರೆ ಇನ್ನೂ ಒಳ್ಳೆಯದು. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದು ದುಡ್ಡಿಲ್ಲದೆ ಸಿಗುವ ವಸ್ತು. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಒಂದೆರಡು ಸಲ ತೊಳೆದು ಹಿಂಡಿ ಬಳಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಕರಾವಳಿ, ಮಲೆನಾಡಿನವರು ಕೋಕೋಪೀಟ್ ಕಮ್ಮಿ ಮಾಡಿ ಹೊಟ್ಟು, ಸಿಪ್ಪೆ ಜಾಸ್ತಿ ಮಾಡಿ. ನಿಮ್ಮ ಗಾಳಿಯಲ್ಲೇ ತೇವ ಇದೆ.

ದೊಡ್ಡ ಪಾಟ್‌ಗೆ ಹಾಕಿದ್ರೆ ಬೇಗ ಬೆಳೆಯುತ್ತಾ?

ಇಲ್ಲ, ಬೇಗ ಕೊಳೆಯುತ್ತದೆ. ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೇ ನಿಲ್ಲುತ್ತದೆ. ನಾಲ್ಕು ಇಂಚಿನ ಪಾಟ್‌ನಿಂದ ಆರು ಇಂಚಿಗೆ, ಆರರಿಂದ ಎಂಟಕ್ಕೆ. ಬೇರು ತೂತಿನಿಂದ ಹೊರಬಂದಾಗ ಮಾತ್ರ ಬದಲಾಯಿಸಿ. ಎರಡು ವರ್ಷಕ್ಕೊಮ್ಮೆ ಸಾಕು.

ಯಾವ ಗೊಬ್ಬರ ಹಾಕಿದ್ರೆ ಕಲರ್ ಬರುತ್ತೆ?

ಬಣ್ಣ ಬರಿಸುವ ಗೊಬ್ಬರ ಅಂತ ಒಂದಿಲ್ಲ. ಬಣ್ಣ ಬರುವುದು ಬೆಳಕಿನಿಂದ. ಯೂರಿಯಾದಂಥ ಸಾರಜನಕದ ಗೊಬ್ಬರ ಜಾಸ್ತಿಯಾದರೆ ಎಲೆ ಇನ್ನೂ ಹಸಿರಾಗುತ್ತದೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ) ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ, ತೇವ ಇರುವ ಮಣ್ಣಿಗೆ ಹಾಕಿ. ಅಥವಾ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಚಳಿಗಾಲದಲ್ಲಿ ಏನೂ ಬೇಡ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅಕ್ಕಿ ತೊಳೆದ ನೀರು ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಾಕಿದರೆ ಗಿಡಕ್ಕಿಂತ ಜಾಸ್ತಿ ಖುಷಿಯಾಗುವುದು ಮಣ್ಣಿನ ಸಣ್ಣ ಕಪ್ಪು ನೊಣಗಳಿಗೆ.

ಎಲೆ ಹೊಳೀಲಿ ಅಂತ ಕೊಬ್ಬರಿ ಎಣ್ಣೆ ಒರೆಸ್ತೀನಿ. ತಪ್ಪಾ?

ತಪ್ಪೇ. ಎಣ್ಣೆಗೆ ಧೂಳು ಅಂಟುತ್ತದೆ, ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

## ತೊಂದರೆ ಬಂದಾಗ

ಕೆಳಗಿನ ಎಲೆ ಹಳದಿ ಆಗಿ ಬೀಳ್ತಿದೆ. ಗಿಡ ಸಾಯ್ತಿದೆಯಾ?

ತಿಂಗಳಿಗೆ ಒಂದು, ಅದೂ ತೀರಾ ಕೆಳಗಿನದು ಹಳದಿಯಾದರೆ ಅದಕ್ಕೆ ವಯಸ್ಸಾಗಿದೆ ಅಷ್ಟೇ. ಒಂದೇ ವಾರದಲ್ಲಿ ಮೂರು ನಾಲ್ಕು ಎಲೆ ಹಳದಿಯಾದರೆ ಬೇರು ನೋಡಬೇಕು. ಗಿಡವನ್ನು ಪಾಟ್‌ನಿಂದ ಮೆಲ್ಲಗೆ ಹೊರತೆಗೆಯಿರಿ. ಬೇರು ಬಿಳಿಯಾಗಿ ಗಟ್ಟಿ ಇದ್ದರೆ ಸರಿ. ಕಂದಾಗಿ, ಹಿಡಿದರೆ ಸಿಪ್ಪೆ ಜಾರಿ ಬರುವಂತಿದ್ದರೆ ಕೊಳೆತಿದೆ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದರೆ ಅದೂ ಇದೇ ಕಾಯಿಲೆ. ಬೇರಿಲ್ಲದೆ ನೀರು ಮೇಲೇರುವುದಿಲ್ಲ. ಆಗ ಬಾಡಿದೆ ಅಂತ ಇನ್ನಷ್ಟು ನೀರು ಸುರಿದು ಕೊಲ್ಲುವವರೇ ಜಾಸ್ತಿ.

ಕೆಂಪು ಗಿಡ ತಂದೆ, ಹೊಸ ಎಲೆ ಎಲ್ಲಾ ಹಸಿರು ಬರ್ತಿದೆ. ಮೋಸ ಮಾಡಿದ್ರಾ?

ಸಾಮಾನ್ಯವಾಗಿ ಮೋಸ ಅಲ್ಲ. ಕೆಂಪಿಗೆ ಕಾರಣವಾದ ಆಂಥೋಸಯನಿನ್ ಎಂಬ ಬಣ್ಣವನ್ನು ಗಿಡ ಬೆಳಕಿದ್ದಾಗ ಚೆನ್ನಾಗಿ ತಯಾರಿಸುತ್ತದೆ. ಬೆಳಕು ಕಡಿಮೆಯಾದರೆ ಬದುಕುವುದೇ ಮುಖ್ಯವಾಗಿ ಹಸಿರಿನ ಪಾಲು ಹೆಚ್ಚಿಸುತ್ತದೆ. ಹಲವು ತಳಿಗಳಲ್ಲಿ ಎಳೆ ಎಲೆ ಮಂಕಾಗಿ ಬಿಚ್ಚಿ, ಎರಡು ಮೂರು ವಾರದಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಅಷ್ಟು ಕಾಯಿರಿ. ಆಮೇಲೂ ಹಸಿರಾದರೆ ಕಿಟಕಿಯ ಹತ್ತಿರ ಸರಿಸಿ. ಒಮ್ಮೆಗೇ ಬಿಸಿಲಿಗೆ ಇಡಬೇಡಿ, ವಾರಕ್ಕೆ ಒಂದಡಿಯ ಹಾಗೆ ಸರಿಸುತ್ತಾ ಹೋಗಿ. ಹಳೆಯ ಹಸಿರು ಎಲೆ ಕೆಂಪಾಗುವುದನ್ನು ಕಾಯುತ್ತಾ ಕೂರಬೇಡಿ, ಬದಲಾಗುವುದು ಹೊಸ ಎಲೆಗಳಲ್ಲಿ.

ಎಲೆ ತುದಿ ಕಂದು ಆಗ್ತಿದೆ, ನೀರು ಸರಿಯಾಗೇ ಹಾಕ್ತಿದ್ದೀನಿ.

ಎಷ್ಟು ಹಾಕುತ್ತೀರಿ ಅಂತಲ್ಲ, ಯಾವ ನೀರು ಅಂತ ನೋಡಿ. ಬೋರ್‌ವೆಲ್ ನೀರಿನ ಉಪ್ಪು ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಪಾಟ್‌ನ ಅಂಚಿನಲ್ಲಿ ಬಿಳಿ ಪೊರೆ ಕಂಡರೆ ಅದೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಜಾಸ್ತಿ, ಎಲೆ ತುದಿ ಸುಡಲು ಅದೂ ಒಂದು ಕಾರಣವಾಗಬಹುದು. ಮಳೆನೀರು ಹಿಡಿದಿಟ್ಟು ಹಾಕಿ. ಅದಿಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ ಪಾಟ್‌ನ ಮೂರರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹರಿಸಿ ಉಪ್ಪನ್ನು ತೊಳೆದುಬಿಡಿ. ಫಿಲ್ಟರ್‌ನಿಂದ ಹೊರಹೋಗುವ ವೇಸ್ಟ್ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಎಸಿ ಗಾಳಿ ನೇರ ಬಡಿದರೂ ತುದಿ ಒಣಗುತ್ತದೆ.

ಬೆಳಿಗ್ಗೆ ಎದ್ದು ನೋಡಿದ್ರೆ ಎಲೆ ತುದಿಯಲ್ಲಿ ನೀರು ತೊಟ್ಟಿಕ್ತಿರುತ್ತೆ. ಕಾಯಿಲೆನಾ?

ಅಲ್ಲ. ರಾತ್ರಿ ಬೇರು ಎಳೆದ ನೀರು ಎಲೆಯಿಂದ ಆವಿಯಾಗದಿದ್ದಾಗ ಹೀಗೆ ಹನಿಯಾಗಿ ಹೊರಬರುತ್ತದೆ. ದಿನಾ ಹೀಗಾದರೆ ನೀರು ಸ್ವಲ್ಪ ಕಮ್ಮಿ ಮಾಡಿ.

ಎಲೆ ಸಂದೀಲಿ ಬಿಳಿ ಹತ್ತಿ ಥರ ಕೂತಿದೆ. ಎಷ್ಟು ಒರೆಸಿದ್ರೂ ಮತ್ತೆ ಬರುತ್ತೆ.

ಹಿಟ್ಟು ತಿಗಣೆ. ಮೊದಲು ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ತಾಗಿಸಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಚೆನ್ನಾಗಿ ಕಲಕಿ, ಸಂಜೆ ಹೊತ್ತು ಎಲೆಯ ಅಡಿಗೂ ಸಂದಿಗೂ ಸಿಂಪಡಿಸಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊಟ್ಟೆಗಳಿಂದ ಹೊಸ ಮರಿ ಬರುತ್ತಲೇ ಇರುತ್ತವೆ, ಆದ್ದರಿಂದ ವಾರಕ್ಕೊಮ್ಮೆ ನಾಲ್ಕು ವಾರ ಬಿಡದೆ ಮಾಡಿ. ಅಷ್ಟು ಮಾಡಿದರೂ ಹೋಗದಿದ್ದರೆ ಬೇರಿನಲ್ಲೂ ತಿಗಣೆ ಇರಬಹುದು. ಮಣ್ಣೆಲ್ಲ ತೆಗೆದು, ಬೇರು ತೊಳೆದು, ಹೊಸ ಮಿಶ್ರಣದಲ್ಲಿ ನೆಡಿ. ಪಾಟ್ ಸುತ್ತ ಇರುವೆ ಸಾಲು ಕಂಡರೆ ಅದನ್ನೂ ತಡೆಯಬೇಕು. ತಿಗಣೆಯ ಸಿಹಿ ಅಂಟಿಗಾಗಿ ಬರುವ ಇರುವೆಗಳು ಅವುಗಳನ್ನು ಕಾಯುತ್ತವೆ.

ಬುಡ ಮೆತ್ತಗಾಗಿದೆ, ಕೆಟ್ಟ ವಾಸನೆ. ಸಾಫ್ ಪೌಡರ್ ಹಾಕಿದ್ರೆ ಉಳಿಯುತ್ತಾ?

ವಾಸನೆ ಇದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ ಸೇರಿದೆ. ಸಾಫ್‌ನಂಥ ಶಿಲೀಂಧ್ರನಾಶಕ ಅದಕ್ಕೆ ನಾಟುವುದಿಲ್ಲ. ಬುಡದ ಆಸೆ ಬಿಡಿ, ತಲೆ ಉಳಿಸಿಕೊಳ್ಳಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕಾಂಡವನ್ನು ಮೇಲಿನಿಂದ ಕತ್ತರಿಸಿ ನೋಡಿ. ಕತ್ತರಿಸಿದ ಜಾಗ ನಡುವೆ ಸ್ವಲ್ಪವೂ ಕಂದಿಲ್ಲದೆ ಬೆಳ್ಳಗೆ ಇರಬೇಕು. ಕಂದು ಕಂಡರೆ ಚಾಕು ಮತ್ತೆ ಒರೆಸಿ ಇನ್ನೂ ಮೇಲೆ ಕತ್ತರಿಸಿ. ಒಂದು ದಿನ ನೆರಳಿನಲ್ಲಿ ಗಾಯ ಒಣಗಲು ಬಿಟ್ಟು ಆಮೇಲೆ ನೆಡಿ. ಹಳೆ ಮಣ್ಣನ್ನು ಬೇರೆ ಪಾಟ್‌ಗೆ ಹಾಕಬೇಡಿ.

ಡಿಸೆಂಬರ್‌ನಲ್ಲಿ ಎಲೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಯಾಕೆ?

ಚಳಿ. 18ರಿಂದ 30 ಡಿಗ್ರಿ ಈ ಗಿಡಕ್ಕೆ ಹಿತ. 13 ಡಿಗ್ರಿಗಿಂತ ಕೆಳಗೆ ಇಳಿದರೆ ಎಲೆಯ ಕೋಶ ಕೆಡುತ್ತದೆ. ಬೆಂಗಳೂರಿನ ಬಾಲ್ಕನಿ, ಬೀದರ್, ಚಿಕ್ಕಮಗಳೂರು, ಕೊಡಗಿನ ರಾತ್ರಿ ಆ ಹತ್ತಿರ ಹೋಗುತ್ತದೆ. ನವೆಂಬರ್ ಕೊನೆಗೆ ಒಳಗೆ ತನ್ನಿ. ನೀರನ್ನು ಸಂಜೆ ಬದಲು ಬೆಳಿಗ್ಗೆ ಹಾಕಿ. ಮಚ್ಚೆ ಬಿದ್ದ ಎಲೆ ಸರಿಹೋಗುವುದಿಲ್ಲ, ಕತ್ತರಿಸಿಬಿಡಿ.

## ಕೈ ಪಳಗಿದ ಮೇಲೆ

ಒಂದು ಗಿಡದಿಂದ ನಾಲ್ಕು ಮಾಡೋದು ಹೇಗೆ? ನನ್ನದು ಉದ್ದ ಬೆಳೆದು ಕೆಳಗೆ ಬೋಳಾಗಿದೆ.

ಬೋಳಾದ ಗಿಡವೇ ಇದಕ್ಕೆ ಸರಿ. ತಲೆಯನ್ನು ನಾಲ್ಕೈದು ಎಲೆ, ಮೂರು ನಾಲ್ಕು ಇಂಚು ಕಾಂಡ ಬರುವಂತೆ ಕತ್ತರಿಸಿ. ಅದು ಒಂದು ಗಿಡ. ಉಳಿದ ಬೋಳು ಕಾಂಡವನ್ನು ತಲಾ ಎರಡು ಗೆಣ್ಣು ಇರುವ ತುಂಡು ಮಾಡಿ. ತುಂಡುಗಳನ್ನು ಒದ್ದೆ ಕೋಕೋಪೀಟ್ ಮೇಲೆ ಅಡ್ಡಲಾಗಿ, ಗೆಣ್ಣಿನ ಮೊಗ್ಗು ಮೇಲ್ಮುಖವಾಗಿರುವಂತೆ ಮಲಗಿಸಿ, ಅರ್ಧ ಹೂತು ಬಿಡಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ದಿನಕ್ಕೊಮ್ಮೆ ಗಾಳಿಯಾಡಿಸಿ. ಬುಡದ ಮೋಟನ್ನು ಕೀಳಬೇಡಿ, ಅದೂ ಚಿಗುರುತ್ತದೆ, ಎಷ್ಟೋ ಸಲ ಎರಡು ಮೂರು ಮರಿಯ ಜೊತೆ. ತಲೆಗೆ ಬೇರು ಬರಲು ಒಂದು ತಿಂಗಳು, ತುಂಡುಗಳಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮಾರ್ಚ್‌ನಿಂದ ಜೂನ್‌ವರೆಗಿನ ಸೆಕೆಯ ದಿನಗಳು ಒಳ್ಳೆಯವು. ಡಿಸೆಂಬರ್‌ನಲ್ಲಿ ಮಾಡಿದರೆ ಬೇರಿಗಿಂತ ಮುಂಚೆ ಕೊಳೆ ಬರುತ್ತದೆ. ಪಕ್ಕದಲ್ಲಿ ಮರಿ ಬಂದಿದ್ದರೆ, ಅದಕ್ಕೆ ಸ್ವಂತ ಬೇರು ಇದೆಯೇ ಎಂದು ನೋಡಿ ಬೇರ್ಪಡಿಸಿ.

ಗಾಜಿನ ಬಾಟಲಿಯಲ್ಲಿ ಬರೀ ನೀರಲ್ಲಿ ಬದುಕುತ್ತಾ?

ಹಸಿರು ತಳಿಗಳು ವರ್ಷಗಟ್ಟಲೆ ಬದುಕುತ್ತವೆ. ಕೆಂಪು ತಳಿಗಳು ಕ್ರಮೇಣ ಸೊರಗುತ್ತವೆ. ವಾರಕ್ಕೊಮ್ಮೆ ನೀರು ಬದಲಿಸಿ, ಎಲೆ ಮುಳುಗದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ತೀರಾ ತೆಳುವಾದ ದ್ರವ ಗೊಬ್ಬರ ಹಾಕಿ. ಮಣ್ಣಿನ ಗಿಡವನ್ನು ನೀರಿಗೆ ಹಾಕುವ ಬದಲು ಕಡ್ಡಿಯನ್ನು ನೀರಿನಲ್ಲೇ ಬೇರು ಬರಿಸಿ. ಮಣ್ಣಿನ ಬೇರು ನೀರಿಗೆ ಒಗ್ಗುವುದು ಕಷ್ಟ.

ಬಿಳಿ ಹೂ ಬಂದಿದೆ. ಕಿತ್ತುಬಿಡಬೇಕಾ? ಬೀಜ ಮಾಡಬಹುದಾ?

ಎಲೆ ಚೆನ್ನಾಗಿ ಬೇಕಿದ್ದರೆ ಕೀಳಿ. ಹೂವಿಗೆ ಶಕ್ತಿ ಖರ್ಚಾಗುತ್ತದೆ, ನೋಡಲೂ ಅಂಥ ಚಂದವೇನಿಲ್ಲ. ಅಡ್ಡತಳಿ ಮಾಡುವ ಆಸೆ ಇದ್ದರೆ ಮಾತ್ರ ಬಿಡಿ. ನಡುವಿನ ಕಡ್ಡಿಯಲ್ಲಿ ಹೆಣ್ಣು ಹೂ ಕೆಳಗೆ, ಗಂಡು ಹೂ ಮೇಲೆ. ಹೆಣ್ಣು ಮೊದಲು ಪಕ್ವವಾಗುತ್ತದೆ, ಪರಾಗ ಆಮೇಲೆ ಬರುತ್ತದೆ. ಹಾಗಾಗಿ ಇನ್ನೊಂದು ಹೂವಿನ ಪರಾಗವನ್ನು ಸಣ್ಣ ಬ್ರಷ್‌ನಿಂದ ತಂದು ಹಚ್ಚಬೇಕು. ಕಾಯಿ ಕೆಂಪಾಗಲು ಹಲವು ತಿಂಗಳು ಬೇಕು. ತಿರುಳು ತೊಳೆದು, ಒಣಗಿಸದೆ, ತಕ್ಷಣ ಬಿತ್ತಿ. ಸಸಿಗಳಲ್ಲಿ ಹೆಚ್ಚಿನವು ಮಂಕು ಹಸಿರಾಗೇ ಬರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ವಾರ ಊರಿಗೆ ಹೋಗ್ತಿದ್ದೀವಿ. ಏನು ವ್ಯವಸ್ಥೆ ಮಾಡೋದು?

ಹೊರಡುವ ಹಿಂದಿನ ದಿನ ಚೆನ್ನಾಗಿ ನೀರು ಹಾಕಿ, ಕಿಟಕಿಯಿಂದ ಸ್ವಲ್ಪ ಒಳಗೆ ಸರಿಸಿ ಹೋಗಿ. ಬೇಸಿಗೆ ಅಲ್ಲದಿದ್ದರೆ ಅಷ್ಟೇ ಸಾಕು. ಪಕ್ಕದ ಮನೆಯವರಿಗೆ ಕೀ ಕೊಟ್ಟು ದಿನಾ ನೀರು ಹಾಕಿ ಅಂತ ಹೇಳಬೇಡಿ.

ಅಮೆರಿಕದಲ್ಲಿದ್ದೀವಿ. ಊರಿಂದ ಬರುವಾಗ ಅಮ್ಮನ ಗಿಡದ ಕಡ್ಡಿ ಸೂಟ್‌ಕೇಸ್‌ನಲ್ಲಿ ತರಬಹುದಾ?

ಸುಮ್ನೆ ಕವರ್‌ನಲ್ಲಿ ಸುತ್ತಿ ತರುವ ಹಾಗಿಲ್ಲ. ನೆಡುವ ಕಡ್ಡಿಗೆ ಭಾರತದ ಸಸ್ಯ ಸಂಗರೋಧ ಇಲಾಖೆಯ ಫೈಟೋಸ್ಯಾನಿಟರಿ ಪ್ರಮಾಣಪತ್ರ, ಅಂದರೆ ಗಿಡದಲ್ಲಿ ರೋಗ, ಕೀಟ ಇಲ್ಲ ಎಂಬ ಪತ್ರ ಬೇಕು. ಬೇರಿನಲ್ಲಿ ಒಂದು ಚೂರೂ ಮಣ್ಣಿರಬಾರದು. ಅಲ್ಲಿ ಇಳಿದ ಮೇಲೆ ಘೋಷಿಸಬೇಕು, ತಪಾಸಣೆಯೂ ಇರುತ್ತದೆ. ಇದೇ ತಳಿ ಅಲ್ಲೇ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಚಳಿಗಾಲದಲ್ಲಿ ಗಿಡವನ್ನು ಹೀಟರ್ ಗಾಳಿ ಬಡಿಯದ, ಕಿಟಕಿ ಗಾಜಿಗೆ ಎಲೆ ತಾಗದ ಕಡೆ ಇಡಿ. ಬೆಳಕು ಸಾಲದಿದ್ದರೆ ಒಂದು ಗ್ರೋ ಲೈಟ್ ಅನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ.